ಶೇ. 18 ಪೆಪ್ಟೈಡ್ ಅಂದರೆ ಯಾರ ಪೆಪ್ಟೈಡ್?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಭಾವ ಬದರಿ ಯಾತ್ರೆಗೆ ಹೋದವರು ‘ಕೀಡಾ ಜಡಿ’ ಅಂತ ನಾಲ್ಕು ಒಣ ಹುಳದಂಥದ್ದನ್ನು ತಂದುಕೊಟ್ಟಿದ್ದಾರೆ. ಚೀನಾದಲ್ಲಿ ಇದು ದೊಡ್ಡ ಔಷಧಿಯಂತೆ. ಕುತೂಹಲಕ್ಕೆ ನಾನು ಆನ್‌ಲೈನ್‌ನಲ್ಲಿ ಕಾರ್ಡಿಸೆಪ್ಸ್ ಪುಡಿಯ ಒಂದು ಡಬ್ಬಿ ತರಿಸಿದೆ. ಜೊತೆಗೆ ಬಂದ ಲ್ಯಾಬ್ ರಿಪೋರ್ಟಿನಲ್ಲಿ ‘ಪೆಪ್ಟೈಡ್ ಶೇ. 18’ ಎಂದಿದೆ. ಎರಡೂ ಒಂದೇನಾ? ಪೆಪ್ಟೈಡನ್ನು ಹೇಗೆ ಅಳೆಯುತ್ತಾರೆ? ಕುದಿಸಿದರೆ ಹಾಳಾಗುತ್ತಾ? ಇನ್ನೊಂದು ವಿಷಯ. ನಮ್ಮ ಅಣ್ಣನಿಗೆ ಕಿಡ್ನಿ ಕಸಿ ಆಗಿದೆ, ಸೈಕ್ಲೋಸ್ಪೊರಿನ್ ತಗೊಳ್ತಾರೆ. ಆ ಮಾತ್ರೆಯೂ ಇದೇ ಜಾತಿಯ ಫಂಗಸ್ಸಿನಿಂದ ಬಂದ ಪೆಪ್ಟೈಡ್ ಅಂತ ಎಲ್ಲೋ ಓದಿದೆ. ಹಾಗಿದ್ದರೆ ಇದನ್ನೂ ಸ್ವಲ್ಪ ಕೊಡಬಹುದಾ?
— ದಾವಣಗೆರೆಯ ಓದುಗರು

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತಗೊಳ್ಳೋಣ. ಅಣ್ಣನಿಗೆ ಕೊಡಬೇಡಿ. ಹುಳವೂ ಬೇಡ, ಪುಡಿಯೂ ಬೇಡ. ಸೈಕ್ಲೋಸ್ಪೊರಿನ್ ಅಂದರೆ ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಅದುಮಿಡುವ ಔಷಧಿ. ಕಸಿ ಆದವರ ರಕ್ತದಲ್ಲಿ ಅದರ ಮಟ್ಟವನ್ನು ವೈದ್ಯರು ತೂಕದ ಕಲ್ಲು ಇಟ್ಟ ಹಾಗೆ ನೋಡಿಕೊಂಡು ಹೋಗುತ್ತಾರೆ. ಅದರ ನಡುವೆ ರೋಗನಿರೋಧಕ ಶಕ್ತಿಯನ್ನು ಆಚೀಚೆ ಮಾಡಬಹುದಾದ ಪುಡಿಯೊಂದನ್ನು ಸುಮ್ನೆ ಸೇರಿಸುವ ಹಾಗಿಲ್ಲ. ಚೀನಾದಲ್ಲಿ ಕಸಿ ರೋಗಿಗಳಿಗೇ ಇದನ್ನು ಕೊಟ್ಟು ನೋಡಿದ್ದಾರೆ. ಆದರೆ ಆ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2015ರ ಕಾಕ್ರೇನ್ ವಿಮರ್ಶೆಗೆ ಗಟ್ಟಿ ಸಾಕ್ಷ್ಯ ಕಾಣಲಿಲ್ಲ. ಇನ್ನೊಂದು ಕಾರಣ ಆರ್ಸೆನಿಕ್. 2016ರಲ್ಲಿ ಚೀನಾದ ಆಹಾರ ಮತ್ತು ಔಷಧ ಇಲಾಖೆಯೇ ಜನರನ್ನು ಎಚ್ಚರಿಸಿತು. ಈ ಫಂಗಸ್ಸಿನ ಉತ್ಪನ್ನಗಳಲ್ಲಿ ಕಿಲೋಗೆ 4.4ರಿಂದ 9.9 ಮಿಲಿಗ್ರಾಂ ಆರ್ಸೆನಿಕ್ ಸಿಕ್ಕಿತ್ತು. ಅಲ್ಲಿ ಆರೋಗ್ಯ ಆಹಾರಕ್ಕೆ ಇರುವ ಮಿತಿ 1 ಮಿಲಿಗ್ರಾಂ. ಕಸಿ ಮಾಡಿದ ಕಿಡ್ನಿಗೆ ಈ ಕೆಲಸ ಯಾಕೆ ಕೊಡಬೇಕು?

ಈಗ ನಿಮ್ಮ ಡಬ್ಬಿಗೂ ಭಾವ ತಂದ ಹುಳಕ್ಕೂ ಏನು ಸಂಬಂಧ ನೋಡೋಣ.

ಭಾವ ತಂದಿದ್ದು ಅಸಲಿಯಾಗಿದ್ದರೆ ಅದು ಓಫಿಯೊಕಾರ್ಡಿಸೆಪ್ಸ್ ಸಿನೆನ್ಸಿಸ್. ಟಿಬೆಟ್‌ನವರು ಯಾರ್ಸಾ ಗುಂಬು ಅನ್ನುತ್ತಾರೆ. ಚೀನೀಯರು ದೋಂಗ್‌ಚೋಂಗ್ ಶಿಯಾತ್ಸಾವೊ, ಅಂದರೆ ಚಳಿಗಾಲದಲ್ಲಿ ಹುಳ, ಬೇಸಿಗೆಯಲ್ಲಿ ಹುಲ್ಲು ಅನ್ನುತ್ತಾರೆ. ಮೂರು ಸಾವಿರ ಮೀಟರಿಗಿಂತ ಎತ್ತರದ ಹುಲ್ಲುಗಾವಲಿನ ಮಣ್ಣಿನೊಳಗೆ ಒಂದು ಜಾತಿಯ ಪತಂಗದ ಮರಿಹುಳು ಬೇರು ತಿಂದುಕೊಂಡು ಇರುತ್ತದೆ. ಈ ಫಂಗಸ್ ಅದರ ಮೈಯೊಳಗೆ ಹೊಕ್ಕು, ಒಳಗಿದ್ದದ್ದನ್ನೆಲ್ಲ ತಿಂದು, ಚರ್ಮವನ್ನು ಮಾತ್ರ ಚೀಲದ ಹಾಗೆ ಬಿಟ್ಟು, ಬೇಸಿಗೆಯಲ್ಲಿ ತಲೆಯ ಕಡೆಯಿಂದ ಕಡ್ಡಿಯಂತೆ ಮೇಲೆ ಬರುತ್ತದೆ. 2007ರವರೆಗೆ ಇದೂ ಕಾರ್ಡಿಸೆಪ್ಸ್ ಕುಲದಲ್ಲೇ ಇತ್ತು. ಆ ವರ್ಷ ಡಿಎನ್‌ಎ ನೋಡಿ ಬೇರೆ ಕುಲಕ್ಕೆ ಹಾಕಿದರು. ಬೇರೆ ಕುಟುಂಬಕ್ಕೇ ಹೋಯಿತು.

ನಿಮ್ಮ ಡಬ್ಬಿಯಲ್ಲಿ ಇರುವುದು ಬಹುಪಾಲು ಕಾರ್ಡಿಸೆಪ್ಸ್ ಮಿಲಿಟಾರಿಸ್. ಕಿತ್ತಳೆ ಬಣ್ಣದ ಬೆರಳಿನಂಥ ಅಣಬೆ. ನಮ್ಮಲ್ಲೂ ಈಗ ಗಾಜಿನ ಬಾಟಲಿಯಲ್ಲಿ ಅನ್ನದ ಮೇಲೆ ಬೆಳೆಸುತ್ತಾರೆ. ಕಿಲೋಗೆ ಲಕ್ಷಗಟ್ಟಲೆ ಬೆಲೆಯ ಹಿಮಾಲಯದ ಹುಳವನ್ನು ಡಬ್ಬಿಗೆ ತುಂಬಿ ನಿಮಗೆ ಆ ದರಕ್ಕೆ ಯಾರೂ ಕಳಿಸುವುದಿಲ್ಲ, ಅಲ್ವಾ? ಚೀನಾದ ಫ್ಯಾಕ್ಟರಿಗಳಲ್ಲಿ ತೊಟ್ಟಿಯಲ್ಲಿ ಬೆಳೆಸಿದ ಮಾಲು ಬೇರೆ ಇದೆ. ಅದರಲ್ಲಿ ಹೆಸರಾದ ‘ಸಿಎಸ್-4’ ತಳಿ ಪೆಸಿಲೊಮೈಸಿಸ್ ಹೆಪಿಯಾಲಿ ಎಂಬ ಇನ್ನೊಂದೇ ಫಂಗಸ್. ಮೂರೂ ಅಂಗಡಿಯಲ್ಲಿ ‘ಕಾರ್ಡಿಸೆಪ್ಸ್’ ಆಗಿಯೇ ನಿಂತಿರುತ್ತವೆ. ಒಂದರಲ್ಲಿ ಸಿಕ್ಕ ಪೆಪ್ಟೈಡ್ ಇನ್ನೊಂದರಲ್ಲಿ ಇರಬೇಕು ಅಂತೇನಿಲ್ಲ.

ಇನ್ನು ಆ 18.

ಪೆಪ್ಟೈಡ್ ಅಂದರೆ ಅಮೈನೊ ಆಮ್ಲಗಳ ಸಣ್ಣ ಸರ. ಎರಡು ಮಣಿ ಇದ್ದರೆ ಡೈಪೆಪ್ಟೈಡ್, ಮೂರಿದ್ದರೆ ಟ್ರೈಪೆಪ್ಟೈಡ್. ಸರ ಉದ್ದವಾಗಿ ಸುತ್ತಿಕೊಂಡರೆ ಪ್ರೋಟೀನ್. ನೀವು ಕಳಿಸಿದ ರಿಪೋರ್ಟಿನ ಚಿತ್ರದಲ್ಲಿ ವಿಧಾನದ ಕಾಲಮ್ಮಿನಲ್ಲಿ ‘ಕೆಲ್ಡಾಲ್’ ಅಂತ ಸಣ್ಣ ಅಕ್ಷರದಲ್ಲಿದೆ. ನೀವು ಗಮನಿಸಿರಲಿಕ್ಕಿಲ್ಲ. ಇದು 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಲ್ಯಾಬಿನಲ್ಲಿ ಯೋಹಾನ್ ಕೆಲ್ಡಾಲ್ ಧಾನ್ಯಕ್ಕೆಂದು ಮಾಡಿದ ವಿಧಾನ. ಪುಡಿಯನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿದ್ದ ಸಾರಜನಕ ಎಷ್ಟು ಅಂತ ಅಳೆದು, 6.25ರಿಂದ ಗುಣಿಸುತ್ತಾರೆ. ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇ. 16 ಇರುತ್ತದೆ ಎಂಬ ಲೆಕ್ಕ ಅದು.

ಈ ವಿಧಾನ ಪೆಪ್ಟೈಡನ್ನು ನೋಡುವುದೇ ಇಲ್ಲ. ಸಾರಜನಕ ಯಾರ ಮನೆಯದ್ದು ಅಂತ ಕೇಳುವುದೂ ಇಲ್ಲ. ಅಣಬೆಯ ಜೀವಕೋಶದ ಗೋಡೆಯ ಕೈಟಿನ್‌ನಲ್ಲಿ ಸಾರಜನಕ ಇದೆ, ಹುಳದ ಚರ್ಮದಲ್ಲೂ ಅದೇ ಕೈಟಿನ್. ಆರ್‌ಎನ್‌ಎಯ ಬಿಡಿಭಾಗವಾದ ಅಡೆನೋಸಿನ್‌ನಲ್ಲಿ ಸಾರಜನಕ ಇದೆ, ಬಿಡಿ ಅಮೈನೊ ಆಮ್ಲದಲ್ಲೂ ಇದೆ. ಅದಕ್ಕೇ ಅಣಬೆಗೆ 6.25 ಬಿಟ್ಟು 4.38 ಬಳಸುವುದು ರೂಢಿ. ನಿಮ್ಮ 18ನ್ನು 6.25ರಿಂದ ಭಾಗಿಸಿ: ಸಾರಜನಕ ಶೇ. 2.88. ಅದನ್ನೇ 4.38ರಿಂದ ಗುಣಿಸಿ: 12.6. ಕೂತಲ್ಲೇ ಶೇ. 30ರಷ್ಟು ಹೋಯಿತು. ಉಳಿದ 12.6 ಕೂಡ ಪೆಪ್ಟೈಡ್ ಅಲ್ಲ, ಒಟ್ಟು ಪ್ರೋಟೀನಿನ ಅಂದಾಜು. ಲೇಬಲ್ಲಿನಲ್ಲಿ ಯಾರೋ ‘ಪ್ರೋಟೀನ್’ ಅಳಿಸಿ ‘ಪೆಪ್ಟೈಡ್’ ಬರೆದಿದ್ದಾರೆ, ಅಷ್ಟೇ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದವರು ಮೋಸ ಮಾಡಿದ್ದು ಇದೇ ಕುರುಡುತನವನ್ನು ನಂಬಿಕೊಂಡು.

ಬಣ್ಣ ಬರಿಸಿ ಅಳೆಯುವ ವಿಧಾನಗಳೂ ಇವೆ. ಸಣ್ಣ ಪೆಪ್ಟೈಡಿಗೆ ಅವೂ ಕೈ ಕೊಡುತ್ತವೆ. ಬೈಯುರೆಟ್ ಪರೀಕ್ಷೆಯ ನೇರಳೆ ಬಣ್ಣಕ್ಕೆ ಕನಿಷ್ಠ ಎರಡು ಪೆಪ್ಟೈಡ್ ಬಂಧ ಬೇಕು, ಡೈಪೆಪ್ಟೈಡಿನಲ್ಲಿ ಇರುವುದು ಒಂದೇ. ಬ್ರಾಡ್‌ಫರ್ಡ್ ವಿಧಾನದ ನೀಲಿ ಬಣ್ಣ ಸುಮಾರು 3,000 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುವಿನ ತೂಕದ ಮಾನ) ಚಿಕ್ಕದನ್ನು ಹಿಡಿಯುವುದೇ ಇಲ್ಲ. ನಿನ್‌ಹೈಡ್ರಿನ್ ಅಮೈನೊ ತುದಿ ಬಿಡಿಯಾಗಿರುವ ಎಲ್ಲವನ್ನೂ ಹಿಡಿಯುತ್ತದೆ, ಬಿಡಿ ಅಮೈನೊ ಆಮ್ಲವನ್ನೂ ಸೇರಿಸಿ. ಒಂದು ಸಂಖ್ಯೆಗೆ ಇಳಿಸುವ ಯಾವ ಪರೀಕ್ಷೆಯೂ ‘ಯಾವ ಪೆಪ್ಟೈಡ್’ ಅನ್ನುವುದನ್ನು ಹೇಳುವುದಿಲ್ಲ.

ಅದನ್ನು ಹೇಳಬೇಕಾದರೆ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳನ್ನು ತೂಗುವ ಮೆಷಿನ್ ಬೇಕು. ನನ್ನ ಸರ್ವೀಸಿನ ಹೆಚ್ಚುಪಾಲು ಈ ಮೆಷಿನ್ ಮುಂದೆಯೇ ಕಳೆದಿದೆ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೇಳಿದರೆ ಸಹಿಸಿಕೊಳ್ಳಿ.

ಮೊದಲು ಮಾದರಿಯನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಅರೆಯುತ್ತೇವೆ. ಅಷ್ಟು ತಣ್ಣಗೆ ಯಾಕೆ ಅಂದರೆ, ಫಂಗಸ್ಸಿನ ಒಳಗಿನ ಕಿಣ್ವಗಳು ಎಚ್ಚೆತ್ತರೆ ನಮ್ಮ ಕಣ್ಣೆದುರೇ ಪ್ರೋಟೀನನ್ನು ಕತ್ತರಿಸಿ ಹೊಸ ಪೆಪ್ಟೈಡ್ ಮಾಡಿಬಿಡುತ್ತವೆ. ಆಮೇಲೆ ನಾವು ಅದನ್ನೇ ‘ಕಂಡುಹಿಡಿಯುತ್ತೇವೆ’. ಅರೆದದ್ದನ್ನು ಆಮ್ಲ ಬೆರೆಸಿದ ನೀರು ಅಥವಾ ಮೆಥನಾಲ್‌ನಲ್ಲಿ ಕಲಕಿ, 3,000 ಡಾಲ್ಟನ್ ಜರಡಿಯಲ್ಲಿ ಸೋಸಿ, ಸಣ್ಣದನ್ನು ಮಾತ್ರ ಕೆಳಗೆ ಇಳಿಸಿಕೊಳ್ಳುತ್ತೇವೆ. ಮುಂದಿನದು ಸಿ18 ಕಾರ್ಟ್ರಿಡ್ಜ್, ಎಣ್ಣೆಯ ಗುಣವಿರುವ ಪುಡಿ ತುಂಬಿದ ಪುಟ್ಟ ಕೊಳವೆ. ಪೆಪ್ಟೈಡ್ ಅಂಟಿಕೊಳ್ಳುತ್ತದೆ, ಉಪ್ಪು ಸಕ್ಕರೆ ತೊಳೆದು ಹೋಗುತ್ತವೆ. ಅನೇಕರು ಎಡವುವುದು ಇಲ್ಲೇ. ಗ್ಲೈಸಿನ್-ಅಲನಿನ್‌ನಂಥ ನೀರು ಪ್ರೀತಿಸುವ ಪುಟಾಣಿಗಳು ಅಂಟಿಕೊಳ್ಳದೆ ತೊಳೆದ ನೀರಿನ ಜೊತೆ ಸಿಂಕಿಗೆ ಹೋಗುತ್ತವೆ. ‘ಸಣ್ಣ ಪೆಪ್ಟೈಡ್‌ಗಳ ಅಧ್ಯಯನ’ ಅಂತ ಹೆಸರಿಟ್ಟು ಅತಿ ಸಣ್ಣದನ್ನೇ ಚೆಲ್ಲಿಬಿಟ್ಟ ರಿಪೋರ್ಟುಗಳು ಕಡಿಮೆ ಏನಿಲ್ಲ. ಅವಕ್ಕೆ ಹಿಲಿಕ್ ಎಂಬ ಬೇರೆ ತರಹದ ಕಾಲಮ್ಮು, ಅಂದರೆ ನೀರು ಪ್ರೀತಿಸುವುದನ್ನು ಹಿಡಿದಿಡುವ ಪುಡಿ ತುಂಬಿದ ಕೊಳವೆ ಬೇಕು.

ಮೆಷಿನ್ ಮಾಡುವ ಕೆಲಸ ತೂಕ ಹಾಕುವುದು. ಉದಾಹರಣೆಗೆ ಎರಡು ಮಣಿ ತಗೊಳ್ಳೋಣ, ಪ್ರೋಲಿನ್ ಮತ್ತು ಲ್ಯೂಸಿನ್. ಸರದೊಳಗೆ ಪ್ರೋಲಿನ್ ತೂಕ 97.053, ಲ್ಯೂಸಿನ್ 113.084. ಕೂಡಿದರೆ 210.137. ಸರದ ಎರಡು ತುದಿಗೆ ಸೇರಿ ಒಂದು ನೀರಿನ ಅಣು, 18.011. ಮೆಷಿನ್‌ಗೆ ಹೋಗುವಾಗ ಅಂಟುವ ಪ್ರೋಟಾನ್ 1.007. ಹಾಗಾಗಿ ಪರದೆಯ ಮೇಲೆ 229.155ರಲ್ಲಿ ಗೆರೆ ಕಾಣಬೇಕು. ಆದರೆ ಈ ಫಂಗಸ್ಸಿನ ಕಷಾಯದಲ್ಲಿ ನೀವು ಅದರ ಪಕ್ಕಕ್ಕೆ 211.144ರಲ್ಲೂ ಒಂದು ಗೆರೆ ನೋಡಬಹುದು. ಸರಿಯಾಗಿ ಒಂದು ನೀರಿನಷ್ಟು ಕಡಿಮೆ. ಅಂದರೆ ಸರದ ಎರಡೂ ತುದಿ ಸೇರಿ ಕೊಂಡಿ ಬಿದ್ದಿದೆ, ಉಂಗುರ ಆಗಿದೆ. ಆ ಉಂಗುರವನ್ನು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಒಡೆದರೆ 183ರಲ್ಲಿ, 86ರಲ್ಲಿ, 70ರಲ್ಲಿ ಚೂರುಗಳು ಬೀಳುತ್ತವೆ. 70 ಪ್ರೋಲಿನ್‌ನ ಗುರುತು, 86 ಲ್ಯೂಸಿನ್‌ನದ್ದು.

ಲ್ಯೂಸಿನ್‌ನದ್ದು ಅಂದೆನಲ್ಲ, ಅದು ಅಷ್ಟು ಸಲೀಸಲ್ಲ. ಐಸೊಲ್ಯೂಸಿನ್ ಅಂತ ಅದಕ್ಕೊಂದು ಅವಳಿ ಇದೆ. ಪರಮಾಣುಗಳು ಅವೇ, ಜೋಡಣೆ ಬೇರೆ. ತೂಕ ಕೊನೆಯ ದಶಾಂಶದವರೆಗೂ ಒಂದೇ, 86ರ ಚೂರೂ ಒಂದೇ. ತಕ್ಕಡಿ ಎಷ್ಟು ದುಬಾರಿಯಾದರೂ ಇವೆರಡನ್ನು ತೂಕದಿಂದ ಬೇರೆ ಮಾಡಲಾರದು. ಎರಡು ಗ್ಲೈಸಿನ್ ಸೇರಿದರೆ 114.043, ಒಂದು ಆಸ್ಪರಜಿನ್ ಕೂಡ 114.043. ಸರ ಉಂಗುರವಾದರೆ ಇನ್ನೊಂದು ತಲೆನೋವು. ನೇರ ಸರವನ್ನು ಒಂದು ಕಡೆ ಕತ್ತರಿಸಿದರೆ ಎರಡು ತುಂಡು, ತೂಕ ನೋಡಿ ಯಾವ ಮಣಿಯ ಪಕ್ಕ ಯಾವುದು ಅಂತ ಹೇಳಬಹುದು. ಬಳೆಯನ್ನು ಒಂದು ಕಡೆ ಕತ್ತರಿಸಿದರೆ ತುಂಡು ಒಂದೇ, ತೂಕವೂ ಮೊದಲಿನದ್ದೇ. ಎಲ್ಲಿ ಕತ್ತರಿಸಿತು ಅಂತ ಗೊತ್ತಾಗುವುದಿಲ್ಲ, ಹತ್ತು ಕಡೆ ಕತ್ತರಿಸಿದ ಬಳೆಗಳೆಲ್ಲ ಒಟ್ಟಿಗೆ ಪರದೆ ಮೇಲೆ ಬಂದು ಕೂರುತ್ತವೆ. ಕಂಪ್ಯೂಟರ್ ಮಾತ್ರ ಧೈರ್ಯವಾಗಿ ಒಂದು ಹೆಸರು ಕೊಟ್ಟುಬಿಡುತ್ತದೆ.

ಹಾಗಾಗಿ ಗಟ್ಟಿ ಕೆಲಸ ಮಾಡುವವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಶುದ್ಧ ಮಾಡಿದ ಪೆಪ್ಟೈಡನ್ನು 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಯಲ್ಲಿ 24 ಗಂಟೆ ಇಟ್ಟು ಮಣಿ ಮಣಿ ಬಿಡಿಸುತ್ತಾರೆ. ಮಣಿಗೆ ಕನ್ನಡಿಯ ಬಿಂಬದಂಥ ಎರಡು ರೂಪ ಇರಬಹುದು; ಎಡಗೈ ರೂಪವೋ ಬಲಗೈ ರೂಪವೋ ಅಂತ ಮಾರ್ಫಿ ಕಾರಕ ಹಾಕಿ ನೋಡುತ್ತಾರೆ, ಫಂಗಸ್ಸುಗಳು ಎರಡನ್ನೂ ಬಳಸುತ್ತವೆ. ಕೊನೆಗೆ ಅದೇ ಪೆಪ್ಟೈಡನ್ನು ಲ್ಯಾಬಿನಲ್ಲಿ ಕೃತಕವಾಗಿ ತಯಾರಿಸಿ, ಎರಡೂ ಕಾಲಮ್ಮಿನಿಂದ ಒಂದೇ ಹೊತ್ತಿಗೆ ಹೊರಬರುತ್ತವೆಯೇ ಅಂತ ಅಕ್ಕಪಕ್ಕ ಓಡಿಸುತ್ತಾರೆ. ಅವಳಿಗಳು ಸಿಕ್ಕಿಬೀಳುವುದು ಇಲ್ಲೇ. ತೂಕ ಒಂದೇ ಆದರೂ ನಡಿಗೆ ಬೇರೆ.

ನನ್ನದೇ ಒಂದು ಮುಜುಗರದ ಕತೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಅಣಬೆಯ ಸಾರದಲ್ಲಿ ಚೆಂದದ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು ಬಂದವು. ಯಾವ ಡೇಟಾಬೇಸಿನಲ್ಲೂ ಇಲ್ಲ. ಎರಡು ದಿನ ನಿದ್ದೆ ಬರಲಿಲ್ಲ, ಹೊಸ ಪೆಪ್ಟೈಡ್ ಕುಟುಂಬವೇ ಸಿಕ್ಕಿತು ಅಂದುಕೊಂಡೆ. ಮೂರನೇ ದಿನ ನಮ್ಮ ಹಿರಿಯರು ಬಂದು ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಎಷ್ಟು ಅಂತರ ಅಂತ ಕೇಳಿದರು. 44.026. ಅವರು ಏನೂ ಹೇಳಲಿಲ್ಲ, ಸಿಂಕ್ ಪಕ್ಕದಲ್ಲಿದ್ದ ಪಾತ್ರೆ ತೊಳೆಯುವ ಸೋಪಿನ ಬಾಟಲಿ ಎತ್ತಿ ನನ್ನ ಮೇಜಿನ ಮೇಲಿಟ್ಟು ಹೋದರು. ಸೋಪಿನಲ್ಲಿರುವ ಪಾಲಿಮರ್ ಸರಿಯಾಗಿ 44.026ರ ಮೆಟ್ಟಿಲಲ್ಲೇ ಬರುತ್ತದೆ. ಗಾಜಿನ ಪಾತ್ರೆಯನ್ನು ನಾನೇ ತೊಳೆದಿದ್ದೆ. ಅಂದಿನಿಂದ ಬರೀ ದ್ರಾವಕ ಹಾಕಿದ ಖಾಲಿ ಮಾದರಿಯನ್ನು ಓಡಿಸದೆ ಯಾವ ಪೆಪ್ಟೈಡನ್ನೂ ನಂಬಿಲ್ಲ.

ಪೆಪ್ಟೈಡ್ ಇದೆ, ಯಾವುದು ಅಂತಲೂ ಗೊತ್ತಾಯಿತು ಅಂದುಕೊಳ್ಳಿ. ಅದು ಯಾರದ್ದು ಅನ್ನುವುದು ಇನ್ನೂ ಬಾಕಿ. ಕೀಡಾ ಜಡಿಯಲ್ಲಿ ಫಂಗಸ್ಸೂ ಇದೆ, ಸತ್ತ ಹುಳದ ಚರ್ಮವೂ ಇದೆ, ಅದಕ್ಕೆ ಮೆತ್ತಿದ ಮಣ್ಣಿನ ಸೂಕ್ಷ್ಮಜೀವಿಗಳೂ ಇವೆ. ಗ್ಲುಟಾಥಯೋನ್ ಎಂಬ ಟ್ರೈಪೆಪ್ಟೈಡ್ 308.091ರಲ್ಲಿ ಕಂಡರೆ ಕುಣಿಯಬೇಕಿಲ್ಲ, ಅದು ಹುಳದಲ್ಲೂ ಇದೆ, ಫಂಗಸ್ಸಿನಲ್ಲೂ ಇದೆ, ನಿಮ್ಮ ಪಿತ್ತಕೋಶದ ಪಕ್ಕದ ಲಿವರ್‌ನಲ್ಲಿ ಧಾರಾಳವಾಗಿದೆ. ಅನ್ನದ ಮೇಲೆ ಬೆಳೆದ ಮಿಲಿಟಾರಿಸ್ ಪುಡಿಯಲ್ಲಿ ಅಕ್ಕಿಯ ಪ್ರೋಟೀನ್ ಕತ್ತರಿಸಿ ಬಂದ ಪೆಪ್ಟೈಡೂ ಸೇರಿರುತ್ತದೆ. ಅದನ್ನು ಕಾರ್ಡಿಸೆಪ್ಸ್ ಪೆಪ್ಟೈಡ್ ಅನ್ನುವುದಾದರೆ ನಮ್ಮ ಇಡ್ಲಿ ಹಿಟ್ಟಿನಲ್ಲೂ ಇದೆ ಅನ್ನಬೇಕಾಗುತ್ತದೆ.

ಖಂಡಿತ ಫಂಗಸ್ಸಿನದ್ದೇ ಅನ್ನಬಹುದಾದವೂ ಇವೆ. ಸಿನೆನ್ಸಿಸ್ ಬೆಳೆಸಿದ ದ್ರವದಿಂದ ಕಾರ್ಡಿಸೆಡೈಪೆಪ್ಟೈಡ್-ಎ ಎಂಬ ಉಂಗುರವನ್ನು ಬೇರ್ಪಡಿಸಿದ್ದಾರೆ. ಮಿಲಿಟಾರಿಸ್‌ನ ಕಾರ್ಡಿಮಿನ್ ಇದೆ, ಆದರೆ ಅದರ ತೂಕ ಸುಮಾರು 10,900 ಡಾಲ್ಟನ್. ಅದನ್ನು ಸಣ್ಣ ಪೆಪ್ಟೈಡ್ ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ಜಾಹೀರಾತಿನಲ್ಲಿ ಮೆರೆಯುವ ಕಾರ್ಡಿಸೆಪಿನ್ ಪೆಪ್ಟೈಡೇ ಅಲ್ಲ, ಅಡೆನೋಸಿನ್‌ನ ತಮ್ಮ. ಅದು ಸಿಗುವುದು ಮಿಲಿಟಾರಿಸ್‌ನಲ್ಲಿ, ಹಿಮಾಲಯದ ಹುಳದಲ್ಲಿ ಇದ್ದರೂ ನೆಪಕ್ಕೆ.

ಉಂಗುರ ಪೆಪ್ಟೈಡ್ ಅಂದರೆ ಎಲ್ಲವೂ ಒಳ್ಳೆಯವೇ ಅಂತಲ್ಲ. ನಿಮ್ಮ ಊರಿನ ಕಡೆ ರೇಷ್ಮೆ ಸಾಕುವವರನ್ನು ‘ಸುಣ್ಣಕಟ್ಟು’ ರೋಗದ ಬಗ್ಗೆ ಕೇಳಿ ನೋಡಿ. ಹುಳು ಸತ್ತು, ಗಟ್ಟಿಯಾಗಿ, ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಅದನ್ನು ತರುವ ಬೊವೇರಿಯಾ ಬಾಸಿಯಾನಾ ಕಾರ್ಡಿಸೆಪ್ಸ್ ಮಿಲಿಟಾರಿಸ್‌ನ ಕುಟುಂಬದ್ದೇ. ಅದು ಮಾಡುವ ಬೊವೆರಿಸಿನ್ ಎಂಬ ಉಂಗುರದ ತೂಕ 783.4, ಕೀಟಗಳಿಗೆ ವಿಷ. ನಮ್ಮ ರೈತರು ಸುಡುವ ಆ ಹುಳುವನ್ನು ಚೀನಾದಲ್ಲಿ ಜಿಯಾಂಗ್‌ತ್ಸಾನ್ ಅಂತ ಔಷಧಿ ಅಂಗಡಿಯಲ್ಲಿ ತೂಕ ಮಾಡಿ ಮಾರುತ್ತಾರೆ.

ಸೈಕ್ಲೋಸ್ಪೊರಿನ್ ವಿಷಯದಲ್ಲಿ ನೀವು ಓದಿದ್ದು ಅರ್ಧ ನಿಜ. 1969ರಲ್ಲಿ ಸ್ಯಾಂಡೋಜ್ ಕಂಪನಿಯ ನೌಕರರೊಬ್ಬರು ರಜೆಗೆಂದು ನಾರ್ವೆಗೆ ಹೋದಾಗ ಹಾರ್ಡಾಂಗರ್ವಿಡ್ಡ ಪ್ರಸ್ಥಭೂಮಿಯ ಮಣ್ಣು ತಂದರು. ಅದರಲ್ಲಿ ಟಾಲಿಪೊಕ್ಲಾಡಿಯಂ ಇನ್‌ಫ್ಲೇಟಮ್ ಎಂಬ ಫಂಗಸ್ ಸಿಕ್ಕಿತು. ಅದರ ಪೆಪ್ಟೈಡಿನಲ್ಲಿ ಹನ್ನೊಂದು ಮಣಿಗಳ ಉಂಗುರ. ಏಳು ಮಣಿಗಳಿಗೆ ಮೀಥೈಲ್ ಗುಂಪು ಅಂಟಿದೆ, ಒಂದು ಅಲನಿನ್ ಬಲಗೈ ರೂಪದಲ್ಲಿ ಕೂತಿದೆ. ಈ ಪೆಪ್ಟೈಡ್ ಹೊಟ್ಟೆಯ ಕಿಣ್ವಕ್ಕೆ ಬಗ್ಗದೆ ಮಾತ್ರೆಯಾಗಿ ಕೆಲಸ ಮಾಡುವುದಕ್ಕೆ ಆ ವಿಚಿತ್ರ ಜೋಡಣೆಯೇ ಕಾರಣ. 1996ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಕ್ಯಾಥಿ ಹಾಡ್ಜ್ ಮತ್ತು ಜೊತೆಯವರು, ಮಣ್ಣಿನಲ್ಲಿ ಬೂಸ್ಟಿನಂತೆ ಕಾಣುವ ಈ ಫಂಗಸ್ಸು ದುಂಬಿಯ ಮರಿಹುಳದ ಮೇಲೆ ಬೆಳೆಯುವ ಒಂದು ಕಾರ್ಡಿಸೆಪ್ಸ್‌ನ ಇನ್ನೊಂದು ರೂಪ ಅಂತ ತೋರಿಸಿದರು. ಈಗಿನ ವರ್ಗೀಕರಣದಲ್ಲಿ ಅದೂ ಹಿಮಾಲಯದ ಹುಳದ ಫಂಗಸ್ಸೂ ಒಂದೇ ಕುಟುಂಬ. ನಿಮ್ಮ ಡಬ್ಬಿಯ ಮಿಲಿಟಾರಿಸ್ ಬೇರೆ ಕುಟುಂಬ. ಆದರೆ ದಾಯಾದಿಗಳು ಅಂದ ಮಾತ್ರಕ್ಕೆ ಒಂದೇ ಆಸ್ತಿ ಇರಬೇಕಿಲ್ಲವಲ್ಲ. ಸೈಕ್ಲೋಸ್ಪೊರಿನ್ ಇದ್ದರೆ 1202.8ರ ಹತ್ತಿರ ಗೆರೆ ಬರಬೇಕು, ಅದು ಬಂದ ರಿಪೋರ್ಟ್ ತೋರಿಸದೆ ‘ನೈಸರ್ಗಿಕ ಸೈಕ್ಲೋಸ್ಪೊರಿನ್’ ಅಂತ ಯಾರಾದರೂ ಮಾರಿದರೆ ಅಂಗಡಿಯಿಂದ ಇಳಿದುಬಿಡಿ. ನಿಜವಾಗಿ ಇದ್ದಿದ್ದರಂತೂ ಅಳತೆ ಇಲ್ಲದ ಎರಡನೇ ಡೋಸ್ ಆಗುತ್ತಿತ್ತು. ಅಣ್ಣನಿಗೆ ಇನ್ನೂ ಅಪಾಯ.

ಕುದಿಸಿದರೆ ಹಾಳಾಗುತ್ತಾ ಅಂದಿರಿ. ಅರ್ಧ ಗಂಟೆ ಕುದಿಸಿದರೆ ಪೆಪ್ಟೈಡಿನ ಬಂಧ ಅಷ್ಟು ಸುಲಭಕ್ಕೆ ಕಡಿಯುವುದಿಲ್ಲ. ಬದಲಾಗುವುದು ಇನ್ನೊಂದು. ಕೆಲವು ಡೈಪೆಪ್ಟೈಡ್‌ಗಳು, ಅದರಲ್ಲೂ ಪ್ರೋಲಿನ್ ಇರುವವು, ಬಿಸಿಯಲ್ಲಿ ನೀರು ಬಿಟ್ಟು ಉಂಗುರವಾಗುತ್ತವೆ. ಮೇಲೆ ಹೇಳಿದ 211.144 ಹೀಗೂ ಹುಟ್ಟಬಹುದು. ಹುರಿದ ಕಾಫಿಯ ಕಹಿಯಲ್ಲಿ ಇದೇ ಬಗೆಯ ಉಂಗುರಗಳ ಪಾಲಿದೆ, ಗಂಟೆಗಟ್ಟಲೆ ಕುದಿಸಿದ ಕೋಳಿ ಸಾರಿನಲ್ಲೂ ಇವೆ. ಹಾಗಾಗಿ ಕುದಿಸಿದ ಕಷಾಯದಲ್ಲಿ ಸಿಕ್ಕ ಉಂಗುರವನ್ನು ‘ಫಂಗಸ್ ಮಾಡಿದ್ದು’ ಅನ್ನುವ ಮೊದಲು ಕುದಿಸದ ಮಾದರಿಯನ್ನೂ ನೋಡಬೇಕು. ಚೀನಾದಲ್ಲಿ ಇದನ್ನು ಬಾತುಕೋಳಿಯ ಹೊಟ್ಟೆಗೆ ತುಂಬಿ ಬೇಯಿಸುವ ಹಳೆಯ ಪದ್ಧತಿ ಇದೆ. ಆ ಸಾರಿನ ಪೆಪ್ಟೈಡ್ ಎಣಿಸಿದರೆ ಬಾತುವಿನದ್ದೇ ಸಿಂಹಪಾಲು ಇರುತ್ತದೆ ಅನ್ನುವುದಕ್ಕೆ ನನಗೆ ಮೆಷಿನ್ ಬೇಡ. ಕುಡಿದ ಮೇಲೆ ನೇರ ಸರಗಳಲ್ಲಿ ಹೆಚ್ಚಿನವು ಹೊಟ್ಟೆ ಕರುಳಿನಲ್ಲಿ ತುಂಡಾಗಿ, ಬೇಳೆಯ ಪ್ರೋಟೀನಿನಂತೆಯೇ ರಕ್ತಕ್ಕೆ ಹೋಗುತ್ತವೆ.

ಡಬ್ಬಿಯವರಿಗೆ ಬರೆಯುವುದಾದರೆ ಇಷ್ಟು ಕೇಳಿ: ಫಂಗಸ್ಸಿನ ಪೂರ್ತಿ ಎರಡು ಪದದ ಹೆಸರು, ಅಣಬೆಯ ಪುಡಿಯೋ ಅನ್ನದ ಸಮೇತ ಅರೆದದ್ದೋ, ಪೆಪ್ಟೈಡನ್ನು ಯಾವ ವಿಧಾನದಲ್ಲಿ ಅಳೆದದ್ದು, ಆರ್ಸೆನಿಕ್ ಮತ್ತು ಸೀಸ ಎಷ್ಟು. ಉತ್ತರ ಬರುವವರೆಗೆ ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅರ್ಧ ಚಮಚ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಪೂರ್ತಿ ಆರಲು ಬಿಡಿ. ಬಿಸಿಯಿದ್ದರೆ ಬಣ್ಣ ಬರುವುದಿಲ್ಲ. ಆಮೇಲೆ ಮೆಡಿಕಲ್ ಸ್ಟೋರಿನ ಟಿಂಕ್ಚರ್ ಅಯೋಡಿನ್ ಎರಡು ಹನಿ ಬಿಡಿ. ಕಡು ನೀಲಿ-ಕಪ್ಪಾದರೆ ಡಬ್ಬಿಯಲ್ಲಿ ಅನ್ನ ಜಾಸ್ತಿ ಇದೆ ಅಂತ. ಆ ಲೋಟದ್ದನ್ನು ಚೆಲ್ಲಿ, ಕುಡಿಯಬೇಡಿ.

ಭಾವ ತಂದ ನಾಲ್ಕಕ್ಕೆ ಭೂತಗನ್ನಡಿ ಸಾಕು. ಹುಳದ ಭಾಗ 3ರಿಂದ 5 ಸೆಂಟಿಮೀಟರ್ ಇರಬೇಕು, ಮೈ ಮೇಲೆ 20ರಿಂದ 30 ಉಂಗುರದ ಗೆರೆ, ಹೊಟ್ಟೆ ಕೆಳಗೆ ಎಂಟು ಜೊತೆ ಕಾಲು, ಅದರಲ್ಲಿ ನಡುವಿನ ನಾಲ್ಕು ಜೊತೆ ಎದ್ದು ಕಾಣಬೇಕು. ಹಿಟ್ಟಿನಿಂದ ಅಚ್ಚು ಹಾಕಿದ ನಕಲಿಗಳಲ್ಲಿ ನಾಲ್ಕೂ ಒಂದೇ ತರಹ ಇರುತ್ತವೆ, ಅಸಲಿ ಹುಳುಗಳು ಹಾಗಿರುವುದಿಲ್ಲ. ಒಂದನ್ನು ಮಧ್ಯಕ್ಕೆ ಮುರಿದು ಒಳಗೆ ನೋಡಿ. ತೂಕ ಹೆಚ್ಚಲಿ ಅಂತ ತಂತಿ, ಸೀಸ ತೂರಿಸುವುದು ಈ ವ್ಯಾಪಾರದಲ್ಲಿ ಹಳೆಯ ಚಾಳಿ.